ಸುಣ್ಣದ ಡಬ್ಬಿಯ ಅತ್ತರ್

ಫಾಯಿಜಾಳ ಮನೆಯ ಗ್ಯಾಸ್ ಸ್ಟೌವಿನಲ್ಲಿ ಎಡಗಡೆಯ ಉರಿ ಸಾರಿಗೆ, ಬಲಗಡೆಯದು ಅತ್ತರಿಗೆ. ಸಾರು ಉಕ್ಕಿ ಸ್ಟೌವೆಲ್ಲ ಹರಿದರೂ ಗೊತ್ತಾಗದ ಸೊಸೆ, ಅತ್ತರಿನ ಬಟ್ಟಲಿನ ಮುಂದೆ ಮಾತ್ರ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅತ್ತೆ ಮಸ್ತಾನ್ ಬೀ, "ಮೂಗೊಂದನ್ನ ಮರೀದೆ ತಗೊಂಡು ಹುಟ್ಟಿದೀಯ ನೋಡು. ಮಿಕ್ಕಿದ್ದೆಲ್ಲ ಅಲ್ಲೇ ಬಿಟ್ಟು ಬಂದಿದೀಯ" ಎನ್ನುತ್ತಿದ್ದರು.

ಆ ಮೂಗು ಗುಬ್ಬಿ ಪೇಟೆಯದು. ಅವಳ ತಂದೆ ಗುಲಾಮ್ ನಬಿಯವರಿಗೆ ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಪುಟ್ಟ ಅಂಗಡಿಯಿತ್ತು. ಅತ್ತರ್, ಕಣ್ಣಿಗೆ ಹಚ್ಚುವ ಸುರ್ಮಾ, ಟೋಪಿ, ಜಪಮಣಿ ಅಲ್ಲಿ ಸಿಗುತ್ತಿದ್ದವು. ಶಾಲೆ ಬಿಟ್ಟು ಬಂದ ಮಗಳ ಕಣ್ಣಿಗೆ ಟವೆಲ್ ಕಟ್ಟಿ, ಅತ್ತರಿನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಮೂಗಿಗೆ ಹಿಡಿಯುವುದು ಅವರ ಆಟ.

"ಇದ್ಯಾವ್ದು?"

"ಖಸ್. ಲಾವಂಚ."

"ಇದು?"

"ಹಿನಾ. ಹಳೇದು. ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ ನೀವು."

ಗಿರಾಕಿಗಳ ಎದುರಿಗೇ ಮಾನ ಹೋದರೂ ಗುಲಾಮ್ ನಬಿಯವರು ಗಲ್ಲಾಪೆಟ್ಟಿಗೆ ತಟ್ಟಿಕೊಂಡು ನಗುತ್ತಿದ್ದರು.

ಫಾಯಿಜಾ ತುಮಕೂರಿಗೆ ಬಂದು ಬಿ.ಕಾಂ ಓದಿದಳು. ಓದು ಮುಗಿದ ವರ್ಷವೇ ಶಿರಾ ಗೇಟಿನ ಹಿಂದಿನ ಗಲ್ಲಿಯ ನವೀದ್‌ನ ಜೊತೆ ನಿಕಾಹ್ ಆಯಿತು. ನವೀದ್ ಖಾಸಗಿ ಬಸ್ಸಿನ ಡ್ರೈವರ್. ತುಮಕೂರಿನಿಂದ ಕುಣಿಗಲ್ ಮೇಲೆ ಅಮೃತೂರಿಗೆ ಹೋಗಿ ಬರುವ ಗಾಡಿ. ಗಡ್ಡವನ್ನು ಒತ್ತಾಗಿ, ಅಂಚು ಕೆಡದಂತೆ ಕತ್ತರಿಸಿಕೊಂಡು, ಇಸ್ತ್ರಿಯ ಖಾಕಿ ಹಾಕಿಕೊಂಡು ಹೊರಟರೆ ಬಸ್ ಓಡಿಸಲು ಹೋಗುತ್ತಿದ್ದಾನೋ ಮದುವೆಗೆ ಹೋಗುತ್ತಿದ್ದಾನೋ ತಿಳಿಯುತ್ತಿರಲಿಲ್ಲ.

ಫಾಯಿಜಾಳಿಗೆ ಮೊದಲಿನಿಂದಲೂ ಹೆದರಿಕೆ ಜಾಸ್ತಿ. ಬಾಗಿಲಿಗೆ ಬೀಗ ಹಾಕಿ ರಸ್ತೆಯವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸ್ ಬರುವವಳು. ಮಗಳು ಮಹೀನ್ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಗು ಅತ್ತರೆ ಯಾಕೆ ಅಳುತ್ತಿದೆ ಎಂದು ಭಯ, ಸುಮ್ಮನೆ ಮಲಗಿದ್ದರೆ ಯಾಕೆ ಸುಮ್ಮನಿದೆ ಎಂದು ಭಯ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂರುತ್ತಿದ್ದಳು.

"ಚಿಂತೆ ಮಾಡೋದಕ್ಕೂ ಡ್ಯೂಟಿ ಥರ ದಿನಾ ಬ್ಯಾಟಾ ದುಡ್ಡು ಕೊಡೋ ಹಂಗಿದ್ದಿದ್ರೆ, ನಾನು ಸ್ಟೇರಿಂಗ್ ಬಿಟ್ಟು ಮನೇಲೇ ಕೂತ್ಕೊಳ್ತಿದ್ದೆ" ಎಂದು ನವೀದ್ ರೇಗಿಸುತ್ತಿದ್ದ.

ಅತ್ತರಿನ ಕೆಲಸ ಶುರುವಾಗಿದ್ದೂ ಅವನಿಂದಲೇ. ಮಾವ ಕೊಟ್ಟ ಅತ್ತರಿನ ಶೀಷೆ ಒಂದು ದಿನ ಜೇಬಿನಲ್ಲೇ ಒಡೆದು, ಖಾಕಿ ಅಂಗಿಯ ಮೇಲೆ ಅಂಗೈಯಗಲ ಎಣ್ಣೆಯ ಕಲೆಯಾಯಿತು. ಅವತ್ತು ಪೂರ್ತಿ ಬಸ್ಸಿನಲ್ಲಿ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದರಂತೆ. ಒಡೆಯದ, ಸೋರದ ಅತ್ತರ್ ಮಾಡಬೇಕು ಎಂದು ಫಾಯಿಜಾಳಿಗೆ ಹಟ ಹುಟ್ಟಿತು. ಮೊಬೈಲಿನಲ್ಲಿ ನೋಡಿ ಕಲಿತಳು. ನೀರು ಕುದಿಯುವ ಪಾತ್ರೆಯೊಳಗೆ ಸ್ಟೀಲ್ ಬಟ್ಟಲಿಟ್ಟು ಜೇನುಮೇಣ ಕರಗಿಸಿ, ಕೊಬ್ಬರಿ ಎಣ್ಣೆ ಬೆರೆಸಿ, ಕೆಳಗಿಳಿಸಿ, ಬಿಸಿ ಸ್ವಲ್ಪ ತಗ್ಗಿದ ಮೇಲೆ ಅತ್ತರ್ ಬಿಡಬೇಕು. ಅವಸರಪಟ್ಟರೆ ಪರಿಮಳ ಹಬೆಯಾಗಿ ಹಾರಿಹೋಗುತ್ತದೆ, ತಡಮಾಡಿದರೆ ಮೇಣ ಗಂಟುಕಟ್ಟುತ್ತದೆ. ಎಣ್ಣೆಯಲ್ಲಿ ಮೊದಲೇ ಮರುಗವನ್ನು ನೆನೆಸಿ ಬಿಸಿಲಿಗಿಟ್ಟಿರುತ್ತಿದ್ದಳು. ಸ್ಪಿರಿಟ್ ಇಲ್ಲದ್ದರಿಂದ ನಮಾಜಿಗೂ ಅಡ್ಡಿಯಿಲ್ಲ. ಅಕ್ಕಪಕ್ಕದ ಹೆಂಗಸರು ಕೇಳಿದರು, ಮದುವೆ ಮನೆಯವರು ಕೇಳಿದರು. ಶಿರಾ ಗೇಟಿನ ಬಳೆ ಅಂಗಡಿಯವನು ಸಣ್ಣ ಡಬ್ಬಿಗಳನ್ನು ಮಾರಾಟಕ್ಕೂ ಇಟ್ಟುಕೊಂಡ.

ಈ ಬಗೆಯ ಅತ್ತರಿಗೆ ಒಂದು ಗುಣವಿದೆ. ಡಬ್ಬಿಯಲ್ಲಿ ಅದು ಮಾತಾಡುವುದಿಲ್ಲ. ಮೂಗಿಗೆ ಹಿಡಿದರೆ ಬರೀ ಮೇಣ. ಮೈಗೆ ಹಚ್ಚಿ, ಮೈಯ ಬಿಸಿ ತಾಗಿದ ಮೇಲೆಯೇ ಅದು ಬಾಯಿ ಬಿಡುವುದು. ಒಂದೇ ಡಬ್ಬಿಯದು ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಥರ.

ನವೀದ್‌ನ ಬಸ್ಸಿಗೆ ಬೇರೆಯೇ ಡಬ್ಬಿ. ಡ್ರೈವರ್ ಪಕ್ಕದ ಇಂಜಿನ್ನಿನ ಬಿಸಿಗೆ ಮೊದಲ ಸಲದ್ದು ಕರಗಿ ಪಾಯಸವಾಗಿದ್ದರಿಂದ ಅವನಿಗೆಂದೇ ಮೇಣ ಹೆಚ್ಚು ಹಾಕಿ ಗಟ್ಟಿಯಾಗಿ ಮಾಡುತ್ತಿದ್ದಳು. ಡಬ್ಬಿ ಮಾತ್ರ ಅಮೃತೂರಿನದು. ಕಂಡಕ್ಟರ್ ಚಂದ್ರುವಿನ ತಾಯಿ ಮಂಜುಳಮ್ಮ ಫಾಯಿಜಾಳಿಗೆ ತಮ್ಮ ತೋಟದ ಕಾಯಿಯ ಎಣ್ಣೆ ಕಳಿಸುತ್ತಿದ್ದರು. ಒಂದು ಸಲ ಅದರ ಜೊತೆಗೆ ಎಲೆಅಡಿಕೆಯ ಸುಣ್ಣದ ಹಳೇ ಡಬ್ಬಿಯೊಂದನ್ನು ಬೆಳಗಿ ಕಳಿಸಿದ್ದರು. ಅದು ಸರಿಯಾಗಿ ನವೀದ್‌ನ ಜೇಬಿಗೆ ಕೂರುತ್ತಿತ್ತು. ಬಸ್ಸಿನಲ್ಲಿ ಅದನ್ನು ಸ್ಟೇರಿಂಗ್ ಮುಂದೆ ಇಟ್ಟುಕೊಳ್ಳುತ್ತಿದ್ದ. ಕೊತ್ತಗೆರೆಯಲ್ಲಿ ಹತ್ತಿದ ಮುದುಕಿಯೊಬ್ಬಳು, "ಡ್ರೈವರಪ್ಪಾ, ಒಸಿ ಸುಣ್ಣ ಕೊಡು ನನ್ನಪ್ಪ" ಎಂದು ತಾನೇ ಕೈಹಾಕಿ ಎಲೆಗೆ ಸವರಿ ಬಾಯಿಗಿಟ್ಟುಕೊಂಡಳು.

"ಥೂ! ಏನ್ಲಾ ಇದು, ಸೋಪ್ ತಿಂದಂಗಾಯ್ತಲ್ಲೋ!"

"ಅಜ್ಜಿ, ಅದು ಅತ್ತರು!" ಎಂದು ಚಂದ್ರು ಹಿಂದಿನಿಂದ ಕೂಗಿದ. "ಇನ್ನು ನಿನ್ ಬಾಯಿಂದ ಬೈಗುಳ ಬಂದ್ರೂ ಘಮಘಮ ಅಂತದೆ ಬುಡು!"

ಬಸ್ಸಿಗೆ ಬಸ್ಸೇ ನಕ್ಕಿತಂತೆ. ಇದನ್ನು ನವೀದ್ ಮನೆಯಲ್ಲಿ ಎಷ್ಟು ಸಲ ಹೇಳಿದರೂ ಮಸ್ತಾನ್ ಬೀ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಆ ಡಬ್ಬಿಗೆ ಕೊನೆಯ ಸಲ ಹುಯ್ದ ಅತ್ತರ್ ಒಂದು ಎಡವಟ್ಟಿನದು. ಮರುಗದ ಎಣ್ಣೆಯನ್ನು ಬಿಸಿಗಿಟ್ಟಿದ್ದಾಗ ಮಹೀನ್ ಜ್ವರ ಏರಿ ಕಿರುಚತೊಡಗಿದಳು. ಫಾಯಿಜಾ ಎಲ್ಲ ಬಿಟ್ಟು ಓಡಿದಳು. ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಬರುವಷ್ಟರಲ್ಲಿ ಪಾತ್ರೆಯ ನೀರು ಆರಿ, ಎಣ್ಣೆಯಲ್ಲಿ ಮರುಗ ಸೀದು ಕಂದಾಗಿತ್ತು. ಚೆಲ್ಲಲು ಮನಸ್ಸಾಗದೆ ಅದಕ್ಕೇ ಮೇಣ, ಖಸ್ ಬೆರೆಸಿ, ಅಳುಕುತ್ತಲೇ ಗಂಡನಿಗೆ ಕೊಟ್ಟಳು. ನವೀದ್ ಕತ್ತಿಗೆ ಸವರಿಕೊಂಡು, ಬೆರಳನ್ನು ಮೂಗಿಗೆ ಹಿಡಿದ.

"ಕೊಬ್ರಿ ಮಿಠಾಯಿ ಮಾಡೋ ಮನೆ ಮುಂದೆ ಮಳೆ ಬಂದಂಗಿದೆ" ಎಂದ. "ಇನ್ಮೇಲೆ ನಂಗೆ ಇದೇ ಮಾಡು. ಬೇರೆ ಬೇಡ."

ಮಹೀನ್‌ಗೂ ಅದೇ ಹಿಡಿಸಿತು. ಅಪ್ಪ ಡ್ಯೂಟಿ ಮುಗಿಸಿ ಬಂದೊಡನೆ ಅವನ ಹೆಗಲೇರಿ, ಕತ್ತಿನಲ್ಲಿ ಮೂಗು ತೂರಿಸಿ, ಒಂದು ಕೈಯಿಂದ ಗಡ್ಡವನ್ನು ಸವರುತ್ತ ನಿದ್ದೆ ಹೋಗುವುದು ಅವಳ ಅಭ್ಯಾಸವಾಯಿತು.

ಜನವರಿಯ ಒಂದು ಬೆಳಗ್ಗೆ ನವೀದ್ ಕುಣಿಗಲ್ ಸ್ಟ್ಯಾಂಡಿನಲ್ಲಿ ಬಸ್ಸನ್ನು ಗೆರೆಯೊಳಗೆ ನೇರವಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ತಲೆಯಿಟ್ಟ. ನಿದ್ದೆಗೆಟ್ಟಿದ್ದಾನೆ ಎಂದುಕೊಂಡ ಚಂದ್ರು ಟಿಕೆಟ್ ಮುಗಿಸಿ ಬಂದು ಭುಜ ಮುಟ್ಟಿದ. ಆಸ್ಪತ್ರೆಗೆ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋದವನೂ ಅವನೇ. ಅಷ್ಟರಲ್ಲಿ ಮುಗಿದಿತ್ತು. ನವೀದ್‌ಗೆ ಮೂವತ್ತೈದು ತುಂಬಿರಲಿಲ್ಲ. ಮಹೀನ್‌ಗೆ ಎರಡು ತುಂಬಿರಲಿಲ್ಲ.

ಫಾಯಿಜಾ ಇದ್ದತ್‌ನಲ್ಲಿ ಕೂತಳು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಡಬಾರದು, ಪರಗಂಡಸರ ಎದುರು ಬರಬಾರದು, ಸುರ್ಮಾ ಇಲ್ಲ, ಅತ್ತರ್ ಇಲ್ಲ. ಮಸ್ತಾನ್ ಬೀ ಮನೆಯಲ್ಲಿದ್ದ ಮೇಣ, ಶೀಷೆ, ಡಬ್ಬಿಗಳನ್ನೆಲ್ಲ ಗಂಟುಕಟ್ಟಿ ಪಕ್ಕದ ಮನೆಯ ಅಟ್ಟಕ್ಕೆ ಕಳಿಸಿದರು. ಸೊಸೆಗೆ ಶಿಕ್ಷೆಯೆಂದಲ್ಲ. ಕಣ್ಣೆದುರಿಗಿದ್ದರೆ ಅವಳ ಕೈ ಸುಮ್ಮನಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮಗುವಿಗೆ ಇದೆಲ್ಲ ಹೇಗೆ ತಿಳಿಯಬೇಕು? ಸಂಜೆಯಾದರೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಸಮಾಧಾನ ಹೇಳಲು ಬಂದ ಗಂಡಸರು, ದೊಡ್ಡಪ್ಪನೋ, ಗುಬ್ಬಿಯಿಂದ ಬಂದ ತಾತನೋ, ಎತ್ತಿಕೊಂಡರೆ ಸಾಕು, ಮೊದಲು ಅವರ ಕತ್ತಿನಲ್ಲಿ ಮೂಗು ತೂರಿಸಿ ನೋಡುತ್ತಿದ್ದಳು. ಆಮೇಲೆ ಮುಖ ತಿರುಗಿಸಿ ಕೆಳಗಿಳಿಯಲು ಒದ್ದಾಡುತ್ತಿದ್ದಳು. ಗುಲಾಮ್ ನಬಿಯವರು ಮೊಮ್ಮಗಳನ್ನು ಇಳಿಸಿ, ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಆಯುಷ್ಯವೆಲ್ಲ ಪರಿಮಳ ಮಾರಿದ ಮನುಷ್ಯ, ಆ ಮಗುವಿಗೆ ಬೇಕಾದ್ದು ಅವರ ಹತ್ತಿರ ಇರಲಿಲ್ಲ.

ಫಾಯಿಜಾ ನವೀದ್‌ನ ಎರಡು ಅಂಗಿಗಳನ್ನು ಒಗೆಯದೆ ಟ್ರಂಕಿನಲ್ಲಿ ಮಡಿಸಿಟ್ಟಿದ್ದಳು. ಅದರ ಮೇಲೆ ಮಲಗಿಸಿದರೆ ಮಹೀನ್ ಹೇಗೋ ನಿದ್ದೆಗೆ ಜಾರುತ್ತಿದ್ದಳು. ನಲವತ್ತನೆಯ ದಿನದ ಚಾಲೀಸ್ವಾಂ ಫಾತಿಹಾದ ಹಿಂದಿನ ದಿನ ಸ್ನಾನ ಮುಗಿಸಿ ಬಂದ ಫಾಯಿಜಾ ಕಿಟಕಿಯಿಂದ ನೋಡಿದರೆ ಹಿತ್ತಿಲ ತಂತಿಯ ಮೇಲೆ ನವೀದ್‌ನ ಬಟ್ಟೆಗಳೆಲ್ಲ ಒಣಗುತ್ತಿದ್ದವು. ಆ ಎರಡು ಖಾಕಿ ಅಂಗಿಗಳೂ ಅಲ್ಲಿದ್ದವು.

"ಅಮ್ಮಿ, ಏನ್ ಮಾಡಿದ್ರಿ ಇದು!"

ಮಸ್ತಾನ್ ಬೀ ಬಕೆಟ್ ಹಿಡಿದು ನಿಂತಲ್ಲೇ ಬೆಚ್ಚಿದರು. "ನಾಳೆ ಬಡವ್ರಿಗೆ ಕೊಡ್ಬೇಕಲ್ಲ ಬೇಟಿ. ನನ್ ಮಗನ ಬಟ್ಟೆ ಕೊಳೆ ಇತ್ತು ಅಂತ ಯಾರೂ ಅನ್ಬಾರ್ದು. ನೀನು ಒಗಿಯೋದು ಬೇಡ ಅಂತ ನಾನೇ..."

ಸೋಪಿನ ಪುಡಿಯಿಂದ ಅವರ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ಮಗನಿಗೆ ಕೊನೆಯದಾಗಿ ಮಾಡಿದ ಕೆಲಸ ಅದು. ಫಾಯಿಜಾ ತಂತಿಯ ಹತ್ತಿರ ಹೋಗಿ ಅಂಗಿಯ ಕಾಲರ್ ಹಿಡಿದು ಮೂಸಿದಳು. ನಿಂಬೆಹಣ್ಣಿನ ಸೋಪು, ಅಷ್ಟೇ.

ಮೊದಮೊದಲು ಮಗು ಅತ್ತಿತು. ಆಮೇಲೆ ಅಳು ಕಡಿಮೆಯಾಯಿತು. ಎಲ್ಲರೂ ಅದೇ ಒಳ್ಳೆಯದೆಂದರು. ಆದರೆ ಯಾರೋ ಎತ್ತಿಕೊಂಡಾಗ ಮಹೀನ್ ಅವರ ಕತ್ತನ್ನು ಮೂಸದೆ ಸುಮ್ಮನೆ ಬಿಸ್ಕತ್ತಿಗೆ ಕೈಚಾಚಿದ ದಿನ ಫಾಯಿಜಾಳಿಗೆ ಹೊಸ ಹೆದರಿಕೆ ಹಿಡಿಯಿತು. ಮಗು ಹುಡುಕುವುದನ್ನು ಬಿಟ್ಟಿತ್ತು. ಮುಖ ನೆನಪಿಟ್ಟುಕೊಳ್ಳುವ ವಯಸ್ಸಲ್ಲ. ಫೋಟೋ ತೋರಿಸಿದರೆ "ಬಸ್" ಎನ್ನುತ್ತಿದ್ದಳು. ಆ ವಾಸನೆಯೊಂದೇ ಅವಳಿಗೆ ಅಪ್ಪ. ಅದೂ ಹೋದರೆ ನವೀದ್ ಅವಳ ಪಾಲಿಗೆ ಗೋಡೆಯ ಮೇಲಿನ ಯಾರೋ ಒಬ್ಬ ಗಂಡಸು.

ಇದ್ದತ್ ಮುಗಿದ ಮಾರನೆಯ ದಿನವೇ ಫಾಯಿಜಾ ಅಟ್ಟದ ಗಂಟನ್ನು ತರಿಸಿ ಒಲೆಯ ಮುಂದೆ ನಿಂತಳು. ಅದೇ ಖಸ್, ಅದೇ ಮರುಗ, ಮಂಜುಳಮ್ಮನ ಎಣ್ಣೆ. ಸೀಯಿಸಬೇಕು, ಅಷ್ಟೇ ತಾನೆ. ಮೊದಲನೆಯದು ಹಸಿಹಸಿಯಾಗಿಯೇ ಉಳಿಯಿತು. ಎರಡನೆಯದು ಕರಕಲಾಗಿ ಮನೆಯೆಲ್ಲ ಹೊಗೆ. ಇನ್ನೊಂದು ಹತ್ತಿರ ಬಂದಂತಿತ್ತು. ತನ್ನ ಕತ್ತಿಗೆ ಹಚ್ಚಿಕೊಂಡು ಮಗಳನ್ನು ಎತ್ತಿಕೊಂಡಳು. ಮಹೀನ್ ಒಂದು ಕ್ಷಣ ತಲೆಯೆತ್ತಿ ನೋಡಿ, ಸೀನಿ, ಅಮ್ಮನ ಕಿವಿಯೋಲೆಯ ಜೊತೆ ಆಡತೊಡಗಿದಳು.

"ಅವತ್ತು ನೀನು ಅದನ್ನ ಮರ್ತಿದ್ದೆ, ಅದಕ್ಕೇ ಅದು ಹಂಗಾಯ್ತು" ಎಂದರು ಮಸ್ತಾನ್ ಬೀ. "ಈಗ ಕಣ್ಣು ಮಿಟುಕಿಸ್ದೆ ನೋಡ್ತಾ ಕೂತಿದೀಯ."

ಅದು ನಿಜವೇ. ಮರೆಯಬೇಕೆಂದು ಫಾಯಿಜಾ ಬೇಕಂತಲೇ ಹೊರಗೆ ಹೋಗಿ ಬಟ್ಟೆ ಮಡಿಸುತ್ತ ಕೂತಳು. ಕೈ ಮಡಿಸುತ್ತಿತ್ತು, ಮನಸ್ಸು ಒಲೆಯ ಮೇಲೇ ಇತ್ತು.

ಆಗ ನೆನಪಾದದ್ದು ಸುಣ್ಣದ ಡಬ್ಬಿ. ನವೀದ್‌ನ ಊಟದ ಕ್ಯಾರಿಯರ್, ಟವೆಲ್, ಲೈಸೆನ್ಸ್ ಎಲ್ಲವನ್ನೂ ಚಂದ್ರು ತಂದು ಬಾಗಿಲಲ್ಲೇ ಮಸ್ತಾನ್ ಬೀ ಕೈಗೆ ಕೊಟ್ಟುಹೋಗಿದ್ದ. ಡಬ್ಬಿ ಅದರಲ್ಲಿರಲಿಲ್ಲ.

ಜೂನ್‌ನಲ್ಲಿ ಅತ್ತೆ ಸೊಸೆ ಮಗುವನ್ನು ಎತ್ತಿಕೊಂಡು ಅದೇ ಬಸ್ ಹತ್ತಿದರು. ಡ್ರೈವರ್ ಸೀಟಿನಲ್ಲಿ ಹೊಸಬ. ಫಾಯಿಜಾ ಆ ಕಡೆ ನೋಡದೆ ಕಿಟಕಿಯ ಪಕ್ಕ ಕೂತಳು. ಚಂದ್ರು ಇವರನ್ನು ಕಂಡು ಟಿಕೆಟ್ ಹರಿಯುವ ಕೈಯನ್ನು ಹಾಗೇ ನಿಲ್ಲಿಸಿದ. ದುಡ್ಡು ಚಾಚಿದರೆ, "ಭಾಬಿ, ಹೊಡಿಯಂಗಿದ್ರೆ ಚಪ್ಪಲೀಲಿ ಹೊಡೀರಿ, ದುಡ್ಡು ಮಾತ್ರ ಕೊಡ್ಬೇಡಿ" ಎಂದು ಹಿಂದೆ ಹೋದ. ಡಬ್ಬಿಯ ವಿಷಯ ಕೇಳಿದಾಗ ಮುಖ ಬಾಡಿತು. "ಐತೆ. ಊರಲ್ಲಿ ಇಳ್ದು ಕೊಡ್ತೀನಿ" ಎಂದಷ್ಟೇ ಹೇಳಿದ.

ಅಮೃತೂರಿನಲ್ಲಿ ಬಸ್ಸಿಗೆ ಊಟದ ಹೊತ್ತಿನ ಬಿಡುವು. ಚಂದ್ರುವಿನ ಮನೆ ಸ್ಟ್ಯಾಂಡಿನ ಹಿಂದೆಯೇ, ತೆಂಗಿನ ತೋಟದ ಅಂಚಿನಲ್ಲಿ. ಮಂಜುಳಮ್ಮ ಜಗಲಿಯಿಂದ ಇಳಿದು ಬಂದು ಫಾಯಿಜಾಳ ಎರಡೂ ಕೈ ಹಿಡಿದುಕೊಂಡರು.

"ಏನವ್ವಾ, ಹಿಂಗೆ ಇಳ್ದೋಗಿದ್ದೀಯಲ್ಲ. ಅನ್ನ ತಿಂತೀಯೋ ಬರೀ ಯೋಚ್ನೆ ತಿಂತೀಯೋ?" ಎಂದು, ಉತ್ತರಕ್ಕೆ ಕಾಯದೆ ಮಸ್ತಾನ್ ಬೀ ಕಡೆ ತಿರುಗಿ, "ಬಾ ತಾಯಿ, ಕುಂತ್ಕೊ. ಹೆತ್ತೋಳ ಹೊಟ್ಟೆಗೆ ಏನ್ ಸಮಾಧಾನ ಹೇಳನ" ಎಂದರು. ಇಬ್ಬರು ಮುದುಕಿಯರೂ ಒಟ್ಟಿಗೆ ಕಣ್ಣೊರೆಸಿಕೊಂಡರು.

ಚಂದ್ರು ಚೀಲದಿಂದ ಡಬ್ಬಿ ತೆಗೆದು ಫಾಯಿಜಾಳ ಮುಂದೆ ಜಗಲಿಯ ಮೇಲಿಟ್ಟ. ಅವಳು ಮುಚ್ಚಳ ತಿರುಗಿಸಿದಳು. ಒಳಗೆ ಇನ್ನೂ ಅರ್ಧ ಉಳಿದಿತ್ತು. ನಡುವೆ ಬೆರಳು ತೀಡಿ ತೀಡಿ ಆದ ಒಂದು ಗುಳಿ. ನವೀದ್ ಹೆಬ್ಬೆರಳಿನಿಂದ ತೀಡುತ್ತಿದ್ದ. ಆ ಗುಳಿಯಲ್ಲಿ ತನ್ನ ಹೆಬ್ಬೆರಳನ್ನು ಮೆಲ್ಲಗೆ ಇಟ್ಟಳು. ನುಣ್ಣಗೆ, ಬೆಚ್ಚಗೆ, ಒಂದು ಕೈಯನ್ನು ಹಿಡಿದಂತಿತ್ತು.

"ಭಾಬಿ..." ಚಂದ್ರು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. "ಅದು ನವೀದಣ್ಣಂದಲ್ಲ. ಏಪ್ರಿಲಲ್ಲಿ ಎಫ್‌ಸಿ ಚೆಕಿಂಗಿಗೆ ಅಂತ ಗ್ಲಾಸೆಲ್ಲ ಮುಚ್ಚಿ ಗಾಡಿ ಬಿಸ್ಲಲ್ಲಿ ನಿಲ್ಸಿದ್ರು. ಕರಗಿ ಸಮ ಆಗೋಗಿತ್ತು. ಈ ಗುಳಿ ನಂದು."

ಫಾಯಿಜಾ ಬೆರಳನ್ನು ತೆಗೆದಳು.

"ಆ ಸೀಟಿಂದ ಆ ವಾಸ್ನೆ ಬರ್ದೆ ಇದ್ರೆ ಗಾಡಿ ಹತ್ತಕ್ಕೇ ಆಯ್ತಿರ್ಲಿಲ್ಲ ಭಾಬಿ. ದಿನಾ ಒಸಿ ಹಚ್ಕೊಳಾನ ಅಂತ... ಕೇಳ್ದೆ ಮಾಡ್ದೆ. ತಪ್ಪಾಯ್ತು."

ಅವಳು ಡಬ್ಬಿಯನ್ನು ಮಗಳ ಮೂಗಿನ ಹತ್ತಿರ ಹಿಡಿದಳು. ಇದಕ್ಕಾಗಿಯೇ ಅಷ್ಟು ದೂರದಿಂದ ಬಂದದ್ದು. ಮಹೀನ್ ಇಣುಕಿ ನೋಡಿ, "ಬೆಣ್ಣೆ" ಎಂದು ನಾಲಿಗೆ ಚಾಚಿದಳು. ಮಂಜುಳಮ್ಮ ನಕ್ಕರು. ಫಾಯಿಜಾಳಿಗೆ ನಗು ಬರಲಿಲ್ಲ. ಡಬ್ಬಿಯಲ್ಲಿ ಅದು ಮಾತಾಡುವುದಿಲ್ಲ ಎಂಬುದೂ ಹೊಳೆಯದೆ, ಮುಗಿಯಿತು, ಮಗು ಮರೆತಿದೆ ಎಂದು ಮುಚ್ಚಳ ಹಾಕಿದಳು.

ತಾಯಿಯ ಮುಖ ಕಂಡು ಮಗು ಅಳುವ ಹಾಗೆ ತುಟಿ ಮಾಡಿತು. "ಬಾರವ್ವ, ಕರು ತೋರುಸ್ತೀನಿ" ಎಂದು ಚಂದ್ರು ಎತ್ತಿಕೊಂಡ. ಬೆಳಗಿನಿಂದ ಬಸ್ಸಿನಲ್ಲಿ ಬೆವರಿದ ಮೈ, ಡೀಸೆಲ್ ಹೊಗೆ ಹತ್ತಿದ ಖಾಕಿ. ನಾಲ್ಕು ಹೆಜ್ಜೆ ಹೋಗಿರಬೇಕು, ಮಹೀನ್ ಒಮ್ಮೆಲೇ ಅಲುಗದಾದಳು. ಕತ್ತನ್ನು ಎತ್ತಿ ಅವನ ಕಾಲರಿನ ಪಕ್ಕ ಮೂಗಿಟ್ಟಳು. ತೆಗೆಯಲಿಲ್ಲ. ಇನ್ನೂ ಒಳಕ್ಕೆ ತೂರಿಸಿದಳು. ಪುಟ್ಟ ಬೆನ್ನು ಒಂದು ದೀರ್ಘ ಉಸಿರಿಗೆ ಏರಿ ಇಳಿಯಿತು. ಆಮೇಲೆ ಎರಡು ಕಾಲೂ ಜೋಲುಬಿದ್ದವು. ತಿಂಗಳುಗಳಿಂದ ಯಾರ ಹೆಗಲ ಮೇಲೂ ಹಾಗೆ ಸಡಿಲವಾಗದ ಮಗು, ಅಂಗಳದ ನಡುವೆ, ನಡುಹಗಲಿನಲ್ಲಿ ನಿದ್ದೆ ಹೋಯಿತು.

ಮಸ್ತಾನ್ ಬೀ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕುಂತ್ಕೊಳ್ಳೋ" ಎಂದರು ಮಂಜುಳಮ್ಮ ಪಿಸುದನಿಯಲ್ಲಿ. ಚಂದ್ರು ತಲೆಯಾಡಿಸಿದ. ಕೂತರೆ ಎಚ್ಚರವಾದೀತೆಂದು ನಿಂತೇ ಇದ್ದ. ಊಟ ಆರಿತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಸ್ಟ್ಯಾಂಡಿನಿಂದ ಬಸ್ಸಿನ ಹಾರನ್ ಕೇಳಿಸಿತು. ಅದೇ ಬಸ್ಸಿನ ಅದೇ ಹಾರನ್. ಮಹೀನ್ ಕಣ್ಣು ಬಿಟ್ಟಳು. ಅರೆನಿದ್ದೆಯಲ್ಲೇ ಕೈ ಮೇಲಕ್ಕೆ ಹೋಗಿ ಅವನ ಕೆನ್ನೆಯನ್ನು ಸವರಿತು. ನುಣ್ಣಗಿತ್ತು. ಕೈ ಗದ್ದಕ್ಕೆ ಬಂತು, ಅಲ್ಲಿಯೂ ಇರಲಿಲ್ಲ. ಇನ್ನೊಂದು ಕೆನ್ನೆಗೆ ಹೋಯಿತು. ಆಮೇಲೆ ತಲೆಯನ್ನು ಹಿಂದಕ್ಕೆ ತೆಗೆದು ಅವನ ಮುಖವನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಅಳಲಿಲ್ಲ. ದೊಡ್ಡವರ ಹಾಗೆ ಮುಖವನ್ನು ಪಕ್ಕಕ್ಕೆ ಹೊರಳಿಸಿ, ಅಮ್ಮನ ಕಡೆಗೆ ಎರಡೂ ಕೈ ಚಾಚಿದಳು.

ಮಗು ಅಪ್ಪನನ್ನು ಮರೆತಿರಲಿಲ್ಲ. ಮರೆಯಬಾರದೆಂದು ಫಾಯಿಜಾ ಎಷ್ಟೊಂದು ಹೆದರಿದ್ದಳು. ಮಗಳನ್ನು ಎದೆಗೊತ್ತಿಕೊಂಡು ನಿಂತಾಗ, ಮರೆತಿದ್ದರೇ ಚೆನ್ನಾಗಿತ್ತೇನೋ ಎನ್ನಿಸಿತು.

ಹಾರನ್ ಮತ್ತೆ ಕೂಗಿತು. ಚಂದ್ರು ಡಬ್ಬಿಯನ್ನು ತಂದು ಅವಳ ಮುಂದೆ ಹಿಡಿದ. "ತಗೊಂಡೋಗಿ ಭಾಬಿ. ನಿಮ್ದು ಇದು."

ಫಾಯಿಜಾ ಡಬ್ಬಿಯನ್ನು ನೋಡಿದಳು. ಕೈ ಚಾಚಲಿಲ್ಲ.

"ಇಟ್ಕೊಳಿ ಚಂದ್ರಣ್ಣ. ಮುಗಿಯೋವರೆಗೂ ಹಚ್ಕೊಳಿ" ಎಂದಳು. ಮಗಳ ತಲೆಗೆ ಕೈಯಿಟ್ಟು, "ಇವಳನ್ನ ಕರ್ಕೊಂಡು ನಾವು ಬರೋ ದಿನ ಮಾತ್ರ ಹಚ್ಕೋಬೇಡಿ" ಎಂದಳು.

ವಾಪಸ್ ಹೋಗುವಾಗ ಮಹೀನ್ ಕಿಟಕಿಯ ಸರಳು ಹಿಡಿದು ತೆಂಗಿನ ಮರಗಳನ್ನು ನೋಡುತ್ತ ಕೂತಿದ್ದಳು. ಚಂದ್ರು ಮುಂದಿನ ಬಾಗಿಲಿಗೆ ಬರಲೇ ಇಲ್ಲ, ತುಮಕೂರಿನವರೆಗೂ ಹಿಂದಿನ ಬಾಗಿಲಲ್ಲೇ ನಿಂತು ಸೀಟಿ ಊದಿದ.

ಫಾಯಿಜಾ ಈಗಲೂ ಅತ್ತರ್ ಮಾಡುತ್ತಾಳೆ. ಹಬ್ಬದ ಮುಂಚೆ ಶಿರಾ ಗೇಟಿನ ಬಳೆ ಅಂಗಡಿಯವನು ಇನ್ನಷ್ಟು ಡಬ್ಬಿ ಬೇಕೆಂದು ಫೋನ್ ಮೇಲೆ ಫೋನ್ ಮಾಡುತ್ತಾನೆ. ಮರುಗದ ಎಣ್ಣೆ ಬಿಸಿಗಿಟ್ಟ ಹೊತ್ತಿನಲ್ಲಿ ಬಾಗಿಲಿಗೆ ಯಾರು ಬಂದರೂ ಅವಳು ಏಳುವುದಿಲ್ಲ. ಮಗಳು ಕೂಗಿದರೂ ಅಷ್ಟೇ, ಮೊದಲು ಒಲೆ ಆರಿಸಿ ಆಮೇಲೆ ಹೋಗುತ್ತಾಳೆ. ಒಂದು ಎಲೆಯೂ ಸೀಯಬಾರದು.